ಮೊಂಬ್ರೆಲ್ ಕೋಟೆಯ ಇಬ್ಬರು ವಿಧವೆಯರು

೧೨೪೧, ಸೆಪ್ಟೆಂಬರ್. ಸಂತ ಮೈಕಲರ ಹಬ್ಬದ ಮರುದಿನ, ಸಂಜೆ

ಇಂದು ನ್ಯಾಯದ ದಿನ. ಬೆಳಗಿನಿಂದ ಕುರ್ಚಿ ಬಿಟ್ಟು ಎದ್ದಿಲ್ಲ. ಬೆನ್ನು ಹಿಡಿದುಕೊಂಡಿದೆ. ಗಿರಣಿಯವನಿಗೂ ಮಠದವರಿಗೂ ಕಾಲುವೆ ನೀರಿನ ಜಗಳ — ಮತ್ತೆ. ಮಠದಿಂದ ಬಂದ ಸನ್ಯಾಸಿ ನನ್ನ ಮುಖ ನೋಡದೆ ಗೋಡೆಗೆ ಹೇಳಿದ: "ಇದನ್ನ ಒಡೆಯರು ಬಂದ ಮೇಲೆ ತೀರ್ಮಾನ ಮಾಡಿದ್ರೆ ಒಳ್ಳೇದು."

"ಒಡೆಯರು ಬರೋ ತನಕ ನೀರು ನಿಂತು ಕಾಯುತ್ತಾ ಸ್ವಾಮಿ?" ಅಂದೆ.

ಜನ ನಕ್ಕರು. ತೀರ್ಪು ಕೊಟ್ಟೆ: ವಾರದಲ್ಲಿ ಮೂರು ದಿನ ಮಠಕ್ಕೆ, ಮೂರು ದಿನ ಗಿರಣಿಗೆ. ಭಾನುವಾರ ಯಾರಿಗೂ ಇಲ್ಲ.

ನನ್ನ ಗಂಡ ಜೋಫ್ರೆ ಪವಿತ್ರ ಭೂಮಿಯ ಯುದ್ಧಕ್ಕೆ ಹೋಗಿ ಎರಡು ವರ್ಷ ದಾಟಿತು. ಹೊರಡುವಾಗ ಮುದ್ರೆ ನನ್ನ ಕೈಗಿಟ್ಟು, "ಏನಾದ್ರೂ ಗೊತ್ತಾಗದಿದ್ರೆ ಅಮ್ಮನ್ನ ಕೇಳು ಎರ್ಸಾಂದ್" ಅಂದಿದ್ದ. ಅತ್ತೆಯನ್ನು ಒಂದು ಸಲವೂ ಕೇಳಿಲ್ಲ. ಅವರು ಹೇಳದೆ ಬಿಟ್ಟೂ ಇಲ್ಲ.

ಊಟಕ್ಕೆ ಕೂತಾಗ ಶುರು ಮಾಡಿದರು. "ಭಾನುವಾರದ ನೀರು ಯಾರಿಗೂ ಇಲ್ಲ ಅಂದ್ಯಂತೆ. ಸನ್ಯಾಸಿಗಳು ಶನಿವಾರ ಕತ್ತಲಾಗ್ತಿದ್ದ ಹಾಗೆ ತೂಬು ಎತ್ತುತಾರೆ ಕಣೇ ಹುಡುಗಿ. ಸೋಮವಾರ ಪ್ರಾರ್ಥನೆ ಮಾಡಿ ತಪ್ಪಾಯ್ತು ಅಂತಾರೆ."

ಸರಿಯೇ. ನಾಳೆ ತೂಬಿಗೆ ಬೀಗ ಹಾಕಿಸಬೇಕು. ಅವರು ಹೇಳಿದರೆಂದು ಹಾಕಿಸಿದಂತೆ ಕಾಣಬಾರದು. ನಾಡಿದ್ದು ಹಾಕಿಸುತ್ತೇನೆ.

ಅಕ್ಟೋಬರ್. ದ್ರಾಕ್ಷಿ ಕೊಯ್ಲು ಮುಗಿದ ದಿನ

ಒಡಿಲೀನ್ ತೊಟ್ಟಿಗಿಳಿದು ದ್ರಾಕ್ಷಿ ತುಳಿದಳು. ಮಂಡಿಯವರೆಗೆ ನೇರಳೆ. ಒಂಬತ್ತು ವರ್ಷ, ಮೊಂಬ್ರೆಲ್‌ಗೆ ಉಳಿದ ಒಂದೇ ಕುಡಿ. ಗಂಡೊಂದು ಹುಟ್ಟಿತ್ತು, ತಿಂಗಳು ತುಂಬುವ ಮೊದಲೇ ಹೋಯಿತು. ಹಾಗಾಗಿ ಈ ನೇರಳೆ ಕಾಲಿನವಳೇ ಮುಂದೆ ಒಡತಿ.

ಅತ್ತೆ ಗೋಡೆಗೊರಗಿ ನೋಡುತ್ತಾ, ಯಾರೂ ಕೇಳದೆ, "ನಾನು ಈ ವಯಸ್ಸಿಗಿಂತ ಮೂರೇ ವರ್ಷ ದೊಡ್ಡೋಳು, ನನ್ನ ಮೊದಲನೇ ಮದುವೇಲಿ" ಅಂದರು.

ಅವರಿಗೆ ಮೂರು ಮದುವೆ. ಮೊದಲನೆಯದು ಅಪ್ಪ ಮಾಡಿಸಿದ್ದು. ಅವನು ಸತ್ತ, ಅಣ್ಣ ಇನ್ನೊಬ್ಬನಿಗೆ ಕೊಟ್ಟ. ಅವನೂ ಹೋದ, ಆಗಿನ ಕೌಂಟ್ ದೊರೆ ನಮ್ಮ ಮಾವನಿಗೆ ಕೊಟ್ಟ.

"ಕುದುರೆ ಕೊಳ್ಳೋನು ಹಲ್ಲಾದ್ರೂ ನೋಡ್ತಾನೆ. ನನ್ನ ಜಮೀನಿನ ಎಲ್ಲೆ ನೋಡಿದ್ರು."

ಮಗುವಿಗೆ ನೆಗಡಿಯಾಗುತ್ತೆ ಎಂದು ತೊಟ್ಟಿಯಿಂದ ಎತ್ತಿಕೊಂಡೆ.

ನವೆಂಬರ್. ಸಂತ ಮಾರ್ಟಿನ್ ಹಬ್ಬ

ಸರದಾರ ಆಬ್ರಿ ಬಂದ. ಜೋಫ್ರೆಯ ಜೊತೆ ಹೋಗಿದ್ದ ನೆರೆಯವನು. ಒಂದು ಕಣ್ಣಿಲ್ಲ. ಬಾಗಿಲಲ್ಲೇ ಟೋಪಿ ತೆಗೆದು ನಿಂತ. ತಿಳಿಯಿತು.

"ಯುದ್ಧದಲ್ಲಿ ಏನೂ ಆಗಿರಲಿಲ್ಲ ಒಡತಿ. ವಾಪಸ್ ಬರುವಾಗ ಹಡಗಲ್ಲಿ ಜ್ವರ. ಸಮುದ್ರಕ್ಕೆ... ಬೇರೆ ದಾರಿ ಇರಲಿಲ್ಲ."

ಅತ್ತೆ ಕೇಳಿದರು:

"ಕೊನೇಲಿ ನೀರು ಕೇಳಿದ್ನ?"

"ಕೇಳಿದ."

"ಕೊಟ್ರಾ?"

"ಕೊಟ್ವಿ ದೊಡ್ಡಮ್ಮ. ನಾನೇ ಕೊಟ್ಟೆ."

ಎದ್ದು ಹೋದರು.

ಅದೇ ವಾರ, ಶುಕ್ರವಾರ

ಅತ್ತೆ ಅಳಲಿಲ್ಲ. ಅಡುಗೆಮನೆಗೆ ಹೋಗಿ ಕ್ರಿಸ್‌ಮಸ್‌ಗೆಂದು ಕೊಬ್ಬಿಸಿದ್ದ ಬಾತುಗಳನ್ನೆಲ್ಲ ಕೊಲ್ಲಿಸಿ, ತಾವೇ ಕೂತು ಪುಕ್ಕ ಕಿತ್ತರು. ಎಲ್ಲವನ್ನೂ. ಅಡುಗೆಯವಳು ಬೇಡವೆಂದರೂ ಕೇಳಲಿಲ್ಲ. ನಾನು ಹೋದಾಗ ಕೂದಲಲ್ಲಿ, ಹುಬ್ಬಲ್ಲಿ ಪುಕ್ಕ. ಪಕ್ಕದಲ್ಲಿ ಕೂತು ಒಂದು ಬಾತು ಎತ್ತಿಕೊಂಡೆ. "ಕೆಳಗಿನಿಂದ ಕೀಳಬೇಕು, ಮೇಲಿನಿಂದಲ್ಲ" ಅಂದರು. ಅಷ್ಟೇ ಮಾತು.

ನನಗೆ ಅಳು ಬಂತು. ಹನ್ನೆರಡು ವರ್ಷದ ಮದುವೆ, ಒಟ್ಟಿಗಿದ್ದದ್ದು ಕೂಡಿಸಿದರೆ ಐದೂ ಆಗದು. ಕುಡುಕನಲ್ಲ, ಕೈಯೆತ್ತಿದವನಲ್ಲ. ನಗಿಸುತ್ತಿದ್ದ. ಆದರೆ ಅಳುವಿನ ಅಡಿಯಲ್ಲಿ ಇನ್ನೊಂದಿದೆ, ಇಲ್ಲಿ ಬರೆಯಬಹುದು, ಬೇರೆಲ್ಲೂ ಹೇಳಲಾರೆ. ಭಯ. ಅವನು ಬದುಕಿರುವ ತನಕ ಅವನ ಬದಲಿಗೆ ಕೂತವಳನ್ನು ಯಾರೂ ಎಬ್ಬಿಸುವಂತಿರಲಿಲ್ಲ. ಎರಡು ವರ್ಷದಲ್ಲಿ ಈ ಕೆಲಸದ ರುಚಿ ಹತ್ತಿಬಿಟ್ಟಿದೆ. ಜನ ಬಂದು ನಿಲ್ಲುತ್ತಾರೆ, ನಾನು ಹೇಳಿದ್ದು ನಡೆಯುತ್ತದೆ, ಬಹುಪಾಲು ಸರಿಯಾಗಿಯೇ ಹೇಳುತ್ತೇನೆ.

ಇನ್ನು?

ಡಿಸೆಂಬರ್. ಕ್ರಿಸ್‌ಮಸ್ಸಿನ ಹಿಂದಿನ ಉಪವಾಸದ ದಿನಗಳು

ಕೌಂಟ್ ಗೋತಿಯೆಯ ದೂತ ಬಂದ. ಕೌಂಟ್ ನಮ್ಮ ಮೇಲಿನ ಒಡೆಯ, ನಾವು ಅವನಿಗೆ ನಿಷ್ಠೆ ಹೇಳಿ ಭೂಮಿ ಹಿಡಿದವರು. ದೂತ ಬಾಯಿಪಾಠ ಮಾಡಿದ್ದನ್ನು ಎಲ್ಲರೆದುರು ಒಪ್ಪಿಸಿದ:

"ಮೊಂಬ್ರೆಲ್‌ನ ವಿಧವೆ ನಮ್ಮ ಸರದಾರ ರೆನಿಯೆಯ ಕೈಹಿಡಿಯತಕ್ಕದ್ದು. ಒಪ್ಪದಿದ್ದರೆ ಮಗು ಒಡಿಲೀನ್‌ಳನ್ನು ನಮ್ಮ ಅರಮನೆಯಲ್ಲಿ ಬೆಳೆಯಲು ಕಳಿಸತಕ್ಕದ್ದು. ಮೇಣದಬತ್ತಿ ಹಬ್ಬದ ದಿನ ನಮ್ಮ ಸಭೆಗೆ ಬಂದು ಉತ್ತರ ಹೇಳತಕ್ಕದ್ದು."

ಅರಮನೆಯಲ್ಲಿ ಬೆಳೆಯುವುದು ಎಂದರೇನೆಂದು ಗೊತ್ತು. ಕೌಂಟನ ತಂಗಿಯ ಮಗನೊಬ್ಬ ಮದುವೆಗಿದ್ದಾನೆ. ಮಗಳ ಜೊತೆ ಮೊಂಬ್ರೆಲ್ ಹೋಗುತ್ತದೆ. ನಾನು ಮದುವೆಯಾದರೂ ಅಷ್ಟೇ: ಮಗಳು ಪ್ರಾಯಕ್ಕೆ ಬರುವ ತನಕ ತಾಯಿಯ ಅಧಿಕಾರ, ತಾಯಿ ಮದುವೆಯಾದರೆ ಹೊಸ ಗಂಡನ ಅಧಿಕಾರ. ಎರಡು ಬಾಗಿಲು, ಒಂದೇ ಕೋಣೆ.

ಅತ್ತೆ ಕಂಬಳಿಯೊಳಗಿಂದ ಕೇಳಿದರು:

"ಈ ರೆನಿಯೆಗೆ ಎಷ್ಟು ವಯಸ್ಸಪ್ಪ?"

"ಐವತ್ತು ದಾಟಿದೆ ದೊಡ್ಡಮ್ಮ."

"ಹಲ್ಲಿದ್ಯಾ?"

"ಇರಬೇಕು. ನಾನು ಬಾಯಿ ತೆಗೆಸಿ ನೋಡಿಲ್ಲ."

"ಜಮೀನು?"

"ಇಲ್ಲ."

"ಹೂಂ" ಅಂದರು. ಆ ಹೂಂ ನನಗೆ ಇಷ್ಟವಾಗಲಿಲ್ಲ. ಸಂತೆಗೆ ಬಂದವರು ಎಮ್ಮೆಯ ಮುಂದೆ ನಿಂತು ಹೇಳುವ ಹೂಂ.

ಡಿಸೆಂಬರ್ ಕೊನೆ. ಕ್ರಿಸ್‌ಮಸ್ ಕಳೆದು

ರೆನಿಯೆ ಬಂದ. ಹೆಣ್ಣು ನೋಡಲು ಬಂದವನು ಹೆಣ್ಣು ನೋಡಲಿಲ್ಲ. ಒಲೆ ನೋಡಿದ. ದೊಡ್ಡ ಕೋಣೆಯ ಬೆಂಕಿಯ ಮುಂದೆ ನಿಂತು ಎರಡೂ ಕೈ ಚಾಚಿ, ಯಾರೋ ಹಳೆಯ ಗೆಳೆಯ ಸಿಕ್ಕಂತೆ ಮುಖ ಮಾಡಿದ. ಉದ್ದ ಮನುಷ್ಯ, ಬಲಗಾಲು ಎಳೆಯುತ್ತಾನೆ.

ಒಡಿಲೀನ್ ನೇರ ಹೋಗಿ ಕೇಳಿಬಿಟ್ಟಳು: "ನೀವು ನಮ್ಮಪ್ಪ ಆಗ್ತೀರಾ?"

"ಅದನ್ನ ನಿಮ್ಮಮ್ಮನ್ನ ಕೇಳಬೇಕು ಮಗಳೆ. ನನ್ನನ್ನೂ ಯಾರೂ ಸರಿಯಾಗಿ ಕೇಳಿಲ್ಲ."

ಊಟದ ಮೇಲೆ ಗೋಡೆಯ ಮೇಲೆ ನಡೆದೆವು.

"ನಾನು ದೊರೆ ಹತ್ರ ಹೆಂಡತಿ ಬೇಕು ಅಂತ ಕೇಳಲಿಲ್ಲ ಒಡತಿ" ಅಂದ. "ಒಂದು ಮನೆ ಬೇಕು ಅಂದೆ. ಮೂವತ್ತು ವರ್ಷ ಡೇರೇಲಿ ಮಲಗಿದೀನಿ. ಅವರು ಮನೆ ಅಂದ್ರೆ ಹೆಂಡತಿ ಅಂತ ತಿಳ್ಕೊಂಡ್ರು."

"ನೀವಿಲ್ಲಿಗೆ ಬಂದ್ರೆ ನ್ಯಾಯದ ಕುರ್ಚೀಲಿ ಯಾರು ಕೂರ್ತಾರೆ?"

"ನಾನೇ. ಕೂರದಿದ್ರೆ ಜನ ನಗ್ತಾರೆ."

"ಕೌಂಟ್ ದೊರೆ ನನ್ನ ಮಗಳನ್ನ ಕಳ್ಸು ಅಂದ್ರೆ?"

"ಅವರ ಉಪ್ಪು ತಿಂದವನು ನಾನು" ಅಂದ. ಸುಳ್ಳು ಹೇಳಬಹುದಿತ್ತು.

ಕೆಟ್ಟವನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ದ್ವೇಷಿಸಿ ನೆಮ್ಮದಿಯಾಗಿರಬಹುದಿತ್ತು.

ಸಂಜೆ ಪ್ರಾರ್ಥನೆ ಮುಗಿದಾಗ ಅತ್ತೆ ಮಂಡಿಯೂರಿದ್ದವರು ಏಳಲಾರದೆ ಒದ್ದಾಡಿದರು. ರೆನಿಯೆ ಎಬ್ಬಿಸಲು ಪಕ್ಕದಲ್ಲಿ ಬಗ್ಗಿದ, ಅವನ ಕಾಲೂ ಹಿಡಿದುಕೊಂಡಿತು. ಇಬ್ಬರೂ ಕಲ್ಲುಹಾಸಿನ ಮೇಲೆ ಉರುಳಿಬಿದ್ದರು. ಪಾದ್ರಿ ಆನ್ಸೆಲ್ಮ್ ಓಡಿ ಬರುವಷ್ಟರಲ್ಲಿ ಅತ್ತೆ ನಗುತ್ತಿದ್ದರು. ಜೋಫ್ರೆಯ ಸುದ್ದಿ ಬಂದ ಮೇಲೆ ಅವರು ನಕ್ಕದ್ದು ನೋಡಿರಲಿಲ್ಲ.

ನನಗೆ ಸಿಟ್ಟು ಬಂತು. ಯಾಕೋ.

೧೨೪೨, ಜನವರಿ. ಮಂಜು ಬಿದ್ದಿದೆ, ಮಧ್ಯಾಹ್ನ

ಸೇಬು ಇಟ್ಟಿರುವ ಅಟ್ಟದಲ್ಲಿ ಕೊಳೆತವನ್ನು ಆರಿಸಿ ಬಿಸಾಡುತ್ತಿದ್ದೆವು, ಅತ್ತೆಯೂ ನಾನೂ. ಅವರು ಅಂದರು: "ನಿನ್ನ ಮುಖ ಈ ಸೇಬಿನ ಹಾಗಾಗಿದೆ. ಉತ್ತರ ಏನು ಹೇಳ್ತೀಯ?"

ಕಟ್ಟೆ ಒಡೆಯಿತು. "ನಿಮಗೇನು? ನನ್ನನ್ನ ಅವನಿಗೆ ಕೊಟ್ಟು, ನೀವು ಅವನ ಜೊತೆ ಬೆಂಕಿ ಮುಂದೆ ನಗ್ತಾ ಕೂತ್ಕೊಳ್ಳಿ. ನಾನು ಬಂದ ದಿನದಿಂದ ನಿಮಗೆ ನಾನು ಸಾಲದೋಳು."

ಕೈಯಲ್ಲಿದ್ದ ಸೇಬು ಕೆಳಗಿಟ್ಟರು. ಬೈಯಲಿಲ್ಲ.

"ಕೂತ್ಕೋ. ಆ ದೂತ ಏನಂದ? ಒಂದೊಂದು ಮಾತೂ ಹೇಳು."

"ಮೊಂಬ್ರೆಲ್‌ನ ವಿಧವೆ ರೆನಿಯೆಯ ಕೈಹಿಡಿಯತಕ್ಕದ್ದು..."

"ಹೆಸರು ಹೇಳಿದ್ನ?"

"ಇಲ್ಲ."

"ದೊಡ್ಡೋರಿಗೆ ನಮ್ಮ ಹೆಸರು ನೆನಪಿರಲ್ಲ. ಒಂದೊಂದು ಸಲ ಅದೂ ಉಪಯೋಗಕ್ಕೆ ಬರುತ್ತೆ. ಮೊಂಬ್ರೆಲ್‌ನಲ್ಲಿ ವಿಧವೆ ಎಷ್ಟು ಜನ?"

ಅರ್ಥವಾಗಲು ಹೊತ್ತು ಹಿಡಿಯಿತು.

"ಅತ್ತೆ, ನಿಮಗೆ ಐವತ್ತೆಂಟು."

"ಅವನಿಗೆ ಐವತ್ತೆರಡು. ಹುಡುಗ."

ಮತ್ತೆ ಮಕ್ಕಳಿಗೆ ಹೇಳುವಂತೆ ಹೇಳಿದರು. "ಕೌಂಟ್‌ಗೆ ಬೇಕಿರೋದು ನೀನಲ್ಲ ಕಣೇ. ಸೇತುವೆ. ಚಳಿ ಕಳೀತಿದ್ದ ಹಾಗೆ ಅದರ ಮೇಲೆ ಹೊಳೆ ಆಚೆ ದಂಡು ಕಳಿಸ್ತಾನೆ. ಸೇತುವೆ ಕೋಟೆ ಯಾರದು?"

"ನಿಮ್ಮದು. ಮಾವ ಮದುವೆ ದಿನ ಚರ್ಚಿನ ಬಾಗಿಲಲ್ಲಿ ನಿಮ್ಮ ಪಾಲಿಗೆ ಕೊಟ್ಟದ್ದು."

"ನಾನು ಸಾಯೋ ತನಕ. ಆಮೇಲೆ?"

"ಮನೆತನಕ್ಕೆ. ಒಡಿಲೀನ್‌ಗೆ."

"ಹಾಗಾದ್ರೆ ನನ್ನ ಕಟ್ಕೊಂಡವನಿಗೆ ಸೇತುವೆ ಅಷ್ಟೇ, ಅದೂ ನನಗೆ ಉಸಿರಿರೋ ತನಕ. ನಿನ್ನ ಕಟ್ಕೊಂಡವನಿಗೆ ಎಲ್ಲಾ. ನಮಗೆ ಯಾವುದು ಅಗ್ಗ?"

ಅವರು ಇನ್ನೊಂದು ಸೇಬು ತಿರುಗಿಸಿ ನೋಡುತ್ತಾ ಅಂದರು: "ಮೂರು ಸಲ ಯಾರೋ ನನ್ನ ಕೈ ಹಿಡಿದು ಯಾರಿಗೋ ಕೊಟ್ರು. ಈ ಸಲ ನಾನೇ ಕೊಟ್ಕೋತೀನಿ. ಮತ್ತೆ, ಅವನ ಜೊತೆ ನೆಲದ ಮೇಲೆ ಬಿದ್ದಾಗ ನಾಚಿಕೆ ಆಗಲಿಲ್ಲ. ಅದೇನು ಕಡಿಮೆಯಾ?"

ಆಮೇಲೆ, ಬಹಳ ಮೆಲ್ಲಗೆ: "ಜೋಫ್ರೆಗೆ ನೀರು ಕೊಟ್ಟಿದ್ದು ಬೇರೆಯೋರು. ಅವನ ಮಗಳಿಗೆ ಇಷ್ಟಾದ್ರೂ ನನ್ನ ಕೈಯಿಂದ ಆಗಲಿ."

ಫೆಬ್ರವರಿ. ಮೇಣದಬತ್ತಿ ಹಬ್ಬದ ಮರುದಿನ, ಕೌಂಟನ ಊರಿನ ಛತ್ರದಲ್ಲಿ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಭೆ ತುಂಬಿತ್ತು. ಹಬ್ಬವಾದ್ದರಿಂದ ಬಿಷಪ್ಪರೂ ಇದ್ದರು — ಅತ್ತೆ ಲೆಕ್ಕ ಹಾಕಿದ್ದೇ ಅದು. ಹೆಣ್ಣಿನ ಒಪ್ಪಿಗೆಯಿಲ್ಲದೆ ಮದುವೆಯಿಲ್ಲ ಎಂಬುದು ಚರ್ಚಿನ ಮಾತು. ಬಿಷಪ್ಪರ ಕಿವಿಗೆ ಬಿದ್ದರೆ ಮಾತ್ರ ನಡೆಯುವ ಮಾತು.

"ಮೊಂಬ್ರೆಲ್‌ನ ವಿಧವೆ ಮುಂದೆ ಬರಲಿ" ಎಂದು ಕೂಗಿದರು. ಇಬ್ಬರೂ ಹೋದೆವು. ಅತ್ತೆ ಒಂದು ಹೆಜ್ಜೆ ಮುಂದೆ.

ಕೌಂಟ್ ಹುಬ್ಬು ಗಂಟಿಕ್ಕಿದ. "ಅಜ್ಜೀನ ಯಾಕೆ ಕರ್ಕೊಂಡು ಬಂದೆ?"

"ಅಜ್ಜಿ ಅಲ್ಲ ದೊರೆ, ಮದುವಣಗಿತ್ತಿ" ಅಂದರು ಅತ್ತೆ. "ಮೊಂಬ್ರೆಲ್‌ನ ವಿಧವೆ ರೆನಿಯೆ ಕೈಹಿಡೀಬೇಕು ಅಂತ ಅಪ್ಪಣೆ ಮಾಡಿದ್ರಿ. ನಾನು ಹನ್ನೆರಡು ವರ್ಷದಿಂದ ಮೊಂಬ್ರೆಲ್‌ನ ವಿಧವೆ. ಇವಳು ಮೊನ್ನೆ ಮೊನ್ನೆ ಆದೋಳು. ಸರದಿ ನನ್ನದು. ಅಪ್ಪಣೆ ಪಾಲಿಸೋಕೆ ಬಂದೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಇಡೀ ಸಭೆ ನಕ್ಕಿತು.

ಬಿಷಪ್ಪರು ಕೈಯೆತ್ತಿದರು. "ತಾಯಿ, ಇದು ನಿಮ್ಮ ಸ್ವಂತ ಇಚ್ಛೆಯಿಂದಲಾ?"

"ಇದೊಂದೇ ಸಲ ಸ್ವಾಮಿ" ಅಂದರು.

ನಗು ನಿಂತಿತು. ಬಿಷಪ್ಪರು ರೆನಿಯೆಯ ಕಡೆ ತಿರುಗಿದರು. ಅವನು ಕೌಂಟನನ್ನು ನೋಡಿದ, ನನ್ನನ್ನು ನೋಡಲಿಲ್ಲ, ಅತ್ತೆಯನ್ನು ಬಹಳ ಹೊತ್ತು ನೋಡಿದ.

"ಸೇತುವೆ ಕೋಟೇಲಿ ಒಲೆ ಇದ್ಯಾ?"

"ಇದೆ. ಹೊಗೆ ಕಟ್ಟುತ್ತೆ."

"ಸರಿಮಾಡ್ತೀನಿ" ಅಂದ.

ಅದೇ ಅವನ ಒಪ್ಪಿಗೆ.

ಕೌಂಟ್ ದಡ್ಡನಲ್ಲ. ಸೇತುವೆ ಅವನ ಮನುಷ್ಯನ ಕೈಗೆ ಬರುತ್ತದೆ. ಆಗದೆಂದರೆ ಇಷ್ಟು ಜನರೆದುರು ಆಡಿದ ಮಾತು ನುಂಗಬೇಕು. ಮುದುಕಿ ಇನ್ನು ಹತ್ತು ವರ್ಷವಾದರೂ ಇರುತ್ತಾಳೆ ಎಂದು ಲೆಕ್ಕ ಹಾಕಿದ್ದು ಮುಖದಲ್ಲೇ ಕಾಣುತ್ತಿತ್ತು. ಆಗಲಿ ಎಂದ. ಆಮೇಲೆ ನನ್ನ ಕಡೆ ಬೆರಳು ತೋರಿಸಿದ. "ಈ ಚಿಕ್ಕ ವಿಧವೆ? ಇವಳನ್ನ ಇನ್ನೊಬ್ಬನಿಗೆ ಕೊಡಬೇಕಾಗುತ್ತೆ. ಇವತ್ತಲ್ಲದಿದ್ರೆ ನಾಳೆ."

ಇದನ್ನು ನಾನು ಯೋಚಿಸಿಟ್ಟಿದ್ದೆ. ಅತ್ತೆಗೆ ಹೇಳಿರಲಿಲ್ಲ.

"ಕೊಡೋ ಕಷ್ಟ ಬೇಡ ದೊರೆ. ಮಗಳು ಪ್ರಾಯಕ್ಕೆ ಬಂದು ಮೊಂಬ್ರೆಲ್ ವಹಿಸ್ಕೊಂಡ ಮೇಲೂ ನಾನು ಮತ್ತೆ ಮದುವೆ ಆಗಲ್ಲ. ಬಿಷಪ್ಪರ ಮುಂದೆ ಆಣೆ ಇಡ್ತೀನಿ. ಈಗಲೇ."

ಇಟ್ಟೆ. ಬಿಷಪ್ಪರು ಉಂಗುರ ತೊಡಿಸಿದರು, ದೇವರಿಗೆ ಮೀಸಲಾದ ವಿಧವೆಯ ಉಂಗುರ. ಇನ್ನು ನನ್ನನ್ನು ಯಾರಿಗೂ ಕೊಡಲು ಬರುವುದಿಲ್ಲ. ಮಗಳ ಪರವಾಗಿ ನಿಷ್ಠೆ ಹೇಳಿದೆ, ಕೌಂಟ್ ಒಪ್ಪಿಕೊಂಡ.

ಹೊರಗೆ ಬಂದಾಗ ಅತ್ತೆಯ ಮುಖ ಬೆಂಕಿ. "ಇದು ನಾನು ಹೇಳಿಕೊಟ್ಟಿರಲಿಲ್ಲ."

"ಇಲ್ಲ."

"ಇಪ್ಪತ್ತೇಳು ವರ್ಷ ಕಣೇ ನಿನಗೆ."

"ಗೊತ್ತು ಅತ್ತೆ."

"ಏನು ಗೊತ್ತು? ನಲವತ್ತಕ್ಕೆ ಚಳಿಗಾಲದ ಹಾಸಿಗೆ ಹೇಗಿರುತ್ತೆ ಅಂತ ಗೊತ್ತಾ?"

ಗಾಡಿಯಲ್ಲಿ ಕೂತ ಮೇಲೆ ಅತ್ತೆ ತಮ್ಮ ತುಪ್ಪಳದ ಹೊದಿಕೆ ತೆಗೆದು ನನ್ನ ಮಂಡಿಯ ಮೇಲೆ ಹಾಕಿ, ಮುಖ ಆ ಕಡೆ ತಿರುಗಿಸಿಕೊಂಡರು.

ಫೆಬ್ರವರಿ. ಈಸ್ಟರಿನ ಉಪವಾಸಕ್ಕೆ ಮುಂಚಿನ ವಾರ

ಮದುವೆಯಾಯಿತು. ಚರ್ಚಿನ ಬಾಗಿಲಲ್ಲಿ ರೆನಿಯೆಗೆ ಕೊಡಲು ಏನೂ ಇರಲಿಲ್ಲ. ತನ್ನ ಕುದುರೆಯನ್ನು ಕೊಟ್ಟ. ಅತ್ತೆ ಅದರ ಬಾಯಿ ತೆಗೆಸಿ ಹಲ್ಲು ನೋಡಿದರು. ಇಬ್ಬರೂ ಸೇತುವೆ ಕೋಟೆಗೆ ಹೋದರು.

ಮನೆ ದೊಡ್ಡದಾಗಿಬಿಟ್ಟಿದೆ.

ಜೂನ್

ಎಷ್ಟು ತಿಂಗಳು ಬರೆಯಲಿಲ್ಲ. ದಂಡು ಸೇತುವೆ ದಾಟಿ ಹೋಯಿತು, ಅರ್ಧ ವಾಪಸ್ ಬಂತು. ನಮ್ಮ ಹೊಲಕ್ಕೆ ಯಾರೂ ಇಳಿಯಲಿಲ್ಲ — ರೆನಿಯೆ ತಾನೇ ದಾರಿಬದಿ ನಿಂತು ಕಾಯ್ದನಂತೆ.

ನಿನ್ನೆ ಒಡಿಲೀನ್‌ಳನ್ನು ಕರೆದುಕೊಂಡು ಹೋಗಿದ್ದೆ. ಒಲೆಯ ಹೊಗೆಗೂಡು ಹೊಸದು. ಈರುಳ್ಳಿ ಸಾರಿಗೆ ಉಪ್ಪು ಎಷ್ಟೆಂದು ಗಂಡ ಹೆಂಡತಿ ಜಗಳವಾಡುತ್ತಿದ್ದರು.

"ಈ ಮನುಷ್ಯ ದಂಡಿಗೆ ಅಡುಗೆ ಮಾಡಿ ಕಲ್ತಿದಾನೆ. ಇಬ್ಬರಿಗೆ ಮಾಡೋಕೆ ಬರಲ್ಲ."

"ಇವಳು ತಿನ್ನೋದು ನೋಡಿದ್ರೆ ದಂಡಿಗೆ ಮಾಡಿದ್ದೂ ಸಾಲಲ್ಲ ಒಡತಿ."

ಅತ್ತೆ ದಪ್ಪಗಾಗಿದ್ದಾರೆ. ಹೊರಡುವಾಗ ನನ್ನ ಕೈ ಹಿಡಿದು ಉಂಗುರ ತಿರುಗಿಸಿ ನೋಡಿದರು. ಬಿಟ್ಟರು. ದಾರಿಯುದ್ದಕ್ಕೂ ಹೊಟ್ಟೆಕಿಚ್ಚು. ಬರೆದುಬಿಡುತ್ತೇನೆ, ಹೊಟ್ಟೆಕಿಚ್ಚೇ. ಮನೆಗೆ ಬಂದಾಗ ಇಬ್ಬರು ರೈತರು ಬೇಲಿಯ ಜಗಳ ಹಿಡಿದು ಕಾಯುತ್ತಿದ್ದರು. ಕುರ್ಚಿಯಲ್ಲಿ ಕೂತೆ. ಕೂತಮೇಲೆ ಸರಿಹೋಯಿತು. ಪೂರ್ತಿ ಅಲ್ಲ.

೧೨೪೩, ಜನವರಿ

ಸೇತುವೆಯಿಂದ ಆಳು ಬಂದ. ಅತ್ತೆಗೆ ಎದೆಯಲ್ಲಿ ಕಫ ಕಟ್ಟಿದೆ, ಉಸಿರು ಹತ್ತುತ್ತಿಲ್ಲ. ಹೊರಟೆ.

ಎರಡು ದಿನದ ಮೇಲೆ, ಸೇತುವೆ ಕೋಟೆ

ರೆನಿಯೆ ಹಾಸಿಗೆಯ ಪಕ್ಕ ಬಿಟ್ಟು ಕದಲುವುದಿಲ್ಲ. ಚಮಚದಲ್ಲಿ ಸಾರು ಕೊಡುತ್ತಾನೆ, ಗದ್ದ ಒರೆಸುತ್ತಾನೆ. ಅತ್ತೆ ಬೈಯುತ್ತಾರೆ, ದನಿಯಿಲ್ಲದೆ.

ಮಧ್ಯಾಹ್ನ ಅವನನ್ನು ಸೌದೆ ತರಲು ಕಳಿಸಿ ನನ್ನನ್ನು ಹತ್ತಿರ ಕರೆದರು.

"ಹತ್ತು ವರ್ಷ ಇರ್ತೀನಿ ಅಂದ್ಕೊಂಡಿದ್ದೆ. ಒಂದೂ ತುಂಬಲಿಲ್ಲ. ಸೇತುವೆ ಈಗ ಒಡಿಲೀನ್‌ದು. ಕೌಂಟ್ ಬಿಡಲ್ಲ. ಎಚ್ಚರ."

"ಆಗಲಿ ಅತ್ತೆ. ಮಾತಾಡಬೇಡಿ."

"ಇವನನ್ನ ಹೊರಗೆ ಹಾಕಬೇಡ. ಡೇರೆಗೆ ಕಳಿಸಬೇಡ."

"ಇಲ್ಲ."

"ನೀನು ಬಂದ ದಿನದಿಂದ ಸಾಲದೋಳು ಅಂತ ನಾನು ಅಂದ್ಕೊಂಡಿರಲಿಲ್ಲ ಕಣೇ." ಉಸಿರು ಎಳೆದುಕೊಂಡರು. "ಜಾಸ್ತಿ ಆದೋಳು ಅಂದ್ಕೊಂಡಿದ್ದೆ."

ಬೆಳಗಿನ ಜಾವ ಹೋದರು. ರೆನಿಯೆ ಕಣ್ಣು ಮುಚ್ಚಿಸಿದ. ನಾನು ಕೂದಲು ಬಾಚಿದೆ.

ಹೂಳಿದ ಮರುದಿನ

ಕೌಂಟನ ದೂತ ನನಗಿಂತ ಮುಂಚೆಯೇ ಬಂದು ಹೋಗಿದ್ದನಂತೆ. ಅತ್ತೆ ಮಲಗಿದ ಸುದ್ದಿ ಕೇಳಿಯೇ. ರೆನಿಯೆ ತಾನಾಗಿ ಹೇಳಿದ, ಕೀಲಿಗೊಂಚಲು ಮೇಜಿನ ಮೇಲಿಟ್ಟು:

"ಹೆಂಡತಿ ಸತ್ತ ದಿನ ಸೇತುವೆ ಬಾಗಿಲು ಹಾಕ್ಕೋ, ಮೊಂಬ್ರೆಲ್‌ನೋರನ್ನ ಒಳಗೆ ಬಿಡಬೇಡ ಅಂತ ದೊರೆ ಹೇಳಿ ಕಳಿಸಿದ್ರು ಒಡತಿ."

"ಬಾಗಿಲು ಇನ್ನೂ ತೆಗೆದೇ ಇದ್ಯಲ್ಲ."

"ಮೂವತ್ತು ವರ್ಷ ಅವರ ಉಪ್ಪು ತಿಂದೆ. ಒಂದು ವರ್ಷ ಇವಳದು." ಕೀಲಿಗೊಂಚಲನ್ನು ನನ್ನ ಕಡೆ ತಳ್ಳಿ, "ಇವಳು ಉಪ್ಪು ಜಾಸ್ತಿ ಹಾಕ್ತಿದ್ಲು" ಅಂದ. ಮುಖ ಮುಚ್ಚಿಕೊಂಡ.

ಅತ್ತೆಗೆ ಮಾತು ಕೊಟ್ಟಿದ್ದೆ. ಆದರೆ ಮಾತಿಗಾಗಿ ಮಾತ್ರ ಹೇಳಿದ್ದಲ್ಲ. "ಕೀಲಿ ನಿಮ್ಮ ಹತ್ರಾನೇ ಇರಲಿ. ಇನ್ಮೇಲೆ ಒಡಿಲೀನ್ ಪರವಾಗಿ ಸೇತುವೆ ಕಾಯಿರಿ. ಅವಳಿಗೆ ನಿಷ್ಠೆ ಹೇಳಿ, ಅವಳ ಮನುಷ್ಯನಾಗಿ."

ಒಡಿಲೀನ್‌ಳನ್ನು ಕರೆಸಿದೆ. ಕಾವಲಿನವರು, ಪಾದ್ರಿ, ಸೇತುವೆಯೂರಿನ ಹಿರಿಯರು ಸೇರಿದರು. ರೆನಿಯೆ ಕಷ್ಟಪಟ್ಟು ಮಂಡಿಯೂರಿ ಎರಡೂ ಕೈ ಜೋಡಿಸಿ ಚಾಚಿದ. ಪದ್ಧತಿಯಂತೆ ಅವಳು ಅವುಗಳನ್ನು ತನ್ನ ಕೈಯೊಳಗೆ ತೆಗೆದುಕೊಳ್ಳಬೇಕು. ಅವಳ ಕೈ ಅವನ ಬೆರಳುಗಳ ಗಂಟಿನವರೆಗೂ ಮುಚ್ಚಲಿಲ್ಲ. ನನ್ನ ಕಡೆ ನೋಡಿದಳು. ಅವಳ ಕೈಗಳ ಸುತ್ತ ನನ್ನ ಕೈಗಳನ್ನು ಇಟ್ಟೆ.

"ನಾನು ನಿಮ್ಮ ಮನುಷ್ಯ" ಅಂದ ರೆನಿಯೆ.

"ಸರಿ" ಅಂದಳು ಒಡಿಲೀನ್. ಆಮೇಲೆ, ಯಾರೂ ಹೇಳಿಕೊಡದೆ: "ಈಗ ಮೇಲೆ ಏಳಿ, ನಿಮ್ಮ ಕಾಲು ನೋಯುತ್ತೆ."

ವಾರ ಕಳೆದು, ಸಂಜೆ. ಇನ್ನೂ ಸೇತುವೆ ಕೋಟೆಯಲ್ಲೇ

ಕೌಂಟ್ ಗೋತಿಯೆ ತಾನೇ ಬಂದ, ಕುದುರೆ ಸವಾರರ ಜೊತೆ. ಆಚೆ ದಡದಲ್ಲಿ ನಿಂತು ಕಹಳೆ ಊದಿಸಿದ. ಬಾಗಿಲು ತೆಗೆಸಿದೆ. ಸೇತುವೆಯ ನಡುವೆ ನಾನೊಬ್ಬಳೇ ಹೋಗಿ ನಿಂತೆ. ಗಾಳಿ ಕೊರೆಯುತ್ತಿತ್ತು.

"ನನ್ನ ಸೇತುವೆ ಮೇಲೆ ನೀನ್ಯಾಕೆ ನಿಂತಿದೀಯ?"

"ಒಡಿಲೀನ್‌ಳ ಸೇತುವೆ ದೊರೆ. ಅವಳ ತಾಯಿ ನಾನು, ಅದಕ್ಕೆ ನಿಂತಿದೀನಿ. ನಿಮ್ಮ ದಂಡು ಯಾವತ್ತಿನ ಹಾಗೆ ದಾಟಬಹುದು, ಮುಂಚೆ ಹೇಳಿ ಕಳಿಸಿದ್ರೆ."

"ಕಾಯೋನು ಯಾರು?"

"ನೀವೇ ಆರಿಸಿದವರು."

ರೆನಿಯೆ ಬಾಗಿಲ ಬಳಿ ನಿಂತಿದ್ದ. ಕೌಂಟ್ ಅವನನ್ನು ದಿಟ್ಟಿಸಿದ. "ನೀನು ಯಾರ ಮನುಷ್ಯ ಈಗ?"

"ಆ ಹುಡುಗಿ ಮನುಷ್ಯ ದೊರೆ. ಆ ಹುಡುಗಿ ನಿಮ್ಮೋಳು. ಹಾಗಾಗಿ ದೂರ ಏನೂ ಹೋಗಿಲ್ಲ ನಾನು."

ಕುದುರೆಗಳು ಕಾಲು ಕೆರೆದವು. ಬಿಷಪ್ಪರಿಗೂ ನೆರೆಯ ಸರದಾರರಿಗೂ ನಾನು ಆಗಲೇ ಹೇಳಿ ಕಳಿಸಿದ್ದು ಅವನಿಗೆ ಗೊತ್ತಿತ್ತೆಂದು ಕಾಣುತ್ತದೆ. ಕೊನೆಗೆ ಕುದುರೆಯಿಂದ ಇಳಿದ. "ತಿನ್ನೋಕೆ ಏನಾದ್ರೂ ಇದ್ಯಾ?" ಅಂದ.

ಇತ್ತು. ತಿಂದ. "ಮುದುಕಿ ಗಟ್ಟಿಗಿತ್ತಿ, ಹತ್ತು ವರ್ಷಕ್ಕೆ ಮೋಸ ಇಲ್ಲ ಅಂದ್ಕೊಂಡಿದ್ದೆ" ಎಂದ, ಬಾಯಿ ತುಂಬಿಕೊಂಡು. "ನಾವೂ ಹಾಗೇ ಅಂದ್ಕೊಂಡಿದ್ವಿ" ಅಂದ ರೆನಿಯೆ. ಕೌಂಟ್ ತಲೆಯೆತ್ತಿ ಅವನನ್ನು ನೋಡಿ, ಮತ್ತೆ ಆ ಮಾತೆತ್ತಲಿಲ್ಲ. ಬೆಳಕಿರುವಾಗಲೇ ಹೊರಟ. ಕೀಲಿ ಕೇಳಲಿಲ್ಲ.

ಅತ್ತೆಯ ಸಮಾಧಿಯ ಬಳಿಗೆ ಹೋದೆ. ಮಣ್ಣಿನ್ನೂ ಹಸಿ. ಕೌಂಟ್ ಏನಂದ, ನಾನೇನಂದೆ, ಎಲ್ಲ ಒಪ್ಪಿಸಿದೆ, ಒಂದೂ ಬಿಡದೆ. ಎಲ್ಲೋ ಒಂದು ಕಡೆ ತಪ್ಪಿದ್ದೇನೆ. ಎಲ್ಲೆಂದು ಗೊತ್ತಾಗುತ್ತಿಲ್ಲ. ಹೇಳಲಿ ಎಂದು ಚಳಿಯಲ್ಲಿ ಕಾದು ನಿಂತೆ, ಸುಮಾರು ಹೊತ್ತು, ಒಡಿಲೀನ್ ಬಂದು ನಿಲುವಂಗಿ ಜಗ್ಗಿ, "ಒಳಗೆ ಬಾಮ್ಮ, ಸಾರು ಆರ್ತಿದೆ" ಅನ್ನುವ ತನಕ.